ಬ್ರೌಸರ್ ತೆರೆಯದೆಯೇ ಜಾವಾಸ್ಕ್ರಿಪ್ಟ್: ಕನ್ನಡ ಹಾಡಿನ ವಹಿ ಒಂದೇ ಸಾಲಿನ ಆಜ್ಞೆಯಿಂದ ದೇವನಾಗರಿಗೆ

ಗುಂಜೋಟಿ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಬೆಳೆದವರಿಗೆ ಇದು ಹೊಸ ಮಾತಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮರಾಠವಾಡದ ಜೊತೆ ಮುಂಬೈ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಗಡಿರೇಖೆ ಬದಲಾಯಿತು, ಶಾಲೆಯ ಭಾಷೆಯೂ ಬದಲಾಯಿತು. ಅಡುಗೆಮನೆಯ ಭಾಷೆ ಮಾತ್ರ ಅನೇಕ ಮನೆಗಳಲ್ಲಿ ಕನ್ನಡವಾಗಿಯೇ ಉಳಿಯಿತು.

ಇದರ ಪರಿಣಾಮ ಎಲ್ಲರಿಗೂ ಗೊತ್ತಿರುವಂಥದ್ದೇ. ಮಕ್ಕಳು ಕನ್ನಡ ಮಾತಾಡುತ್ತಾರೆ, ಹಾಡುತ್ತಾರೆ, ಆದರೆ ಕನ್ನಡ ಅಕ್ಷರ ಓದಲಾರರು. ಒಂದು ಹಳ್ಳಿಯ ಭಜನಾ ಮಂಡಳಿಯ ಹಾಡಿನ ವಹಿಯನ್ನೇ ತೆಗೆದುಕೊಳ್ಳಬಹುದು. ಹಿರಿಯರ ಕೈಬರಹದ ವಹಿ ಹರಿಯುವ ಮೊದಲು ಯಾರೋ ಒಬ್ಬರು ಕುಳಿತು 200 ಹಾಡುಗಳನ್ನು ಕನ್ನಡ ಯೂನಿಕೋಡಿನಲ್ಲಿ ಗಣಕಕ್ಕೆ ಏರಿಸಿದರು, ಹಾಡಿಗೊಂದು ಕಡತ ಮಾಡಿದರು ಎಂದಿಟ್ಟುಕೊಂಡರೆ, ಮುಂದಿನ ಪ್ರಶ್ನೆ ಅದನ್ನು ಓದುವವರು ಯಾರು ಎಂಬುದು. ಅವೇ ಹಾಡುಗಳು ದೇವನಾಗರಿ ಅಕ್ಷರದಲ್ಲಿ ಸಿಕ್ಕರೆ ಏಳನೆಯ ಇಯತ್ತೆಯ ಹುಡುಗಿಯೂ ನಾಳೆಯೇ ಓದಿ ಹಾಡಬಲ್ಲಳು.

ಲಿಪಿ ಬದಲಿಸಿಕೊಡುವ ಜಾಲಪುಟಗಳು ಅಂತರಜಾಲದಲ್ಲಿ ಇವೆ. ಒಂದು ಚೌಕದಲ್ಲಿ ಕನ್ನಡ ಅಂಟಿಸಿ ಗುಂಡಿ ಒತ್ತಿದರೆ ಇನ್ನೊಂದು ಚೌಕದಲ್ಲಿ ದೇವನಾಗರಿ ಬರುತ್ತದೆ. ಒಂದು ಹಾಡಿಗೆ ಇದು ಸಾಕು. 200 ಹಾಡಿಗೆ 200 ಸಲ ತೆರೆ, ನಕಲಿಸು, ಅಂಟಿಸು, ಒತ್ತು, ಉಳಿಸು ಎಂದರೆ ಎರಡು ದಿನದ ಕೆಲಸ. ನಡುವೆ ಯಾವುದು ಬಿಟ್ಟುಹೋಯಿತು, ಯಾವುದು ಎರಡು ಸಲ ಬಂತು ಎಂಬುದಕ್ಕೆ ಲೆಕ್ಕವಿಲ್ಲ. ಸಂಪರ್ಕ ಕಡಿದರೆ ಪುಟವೇ ತೆರೆಯುವುದಿಲ್ಲ. ಇಂಥ ಅನೇಕ ಪುಟಗಳ ಹಿಂದೆ ಕೆಲಸ ಮಾಡುವುದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಕೆಲವೇ ಸಾಲುಗಳು. ಅವನ್ನು ಬ್ರೌಸರಿನಿಂದ ಹೊರತೆಗೆದು ಯೂನಿಕ್ಸ್ ಶೆಲ್ಲಿನ ಆಜ್ಞೆಯ ಸಾಲಿನಿಂದಲೇ ಓಡಿಸಬಹುದೇ? ಓಡಿಸಬಹುದು. ಆದರೆ ಅದರಲ್ಲಿ ಒಂದು ಗಂಟಿದೆ.

ಎಂಜಿನ್ ಬೇರೆ, ಗಿರಣಿ ಬೇರೆ

ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. ಬ್ರೆಂಡನ್ ಐಕ್ ಎಂಬುವರು ಅದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಬ್ರೌಸರಿನ ಪುಟಕ್ಕೆ ಜೀವ ಕೊಡಲಿಕ್ಕೆಂದೇ ಬಂದ ಭಾಷೆ ಇದು. ಹಾಗಾಗಿ ಬ್ರೌಸರ್ ಇಲ್ಲದೆ ಇದು ಓಡದು ಎಂಬ ಭಾವನೆ ಬಹಳ ಕಾಲ ಇತ್ತು.

ವಾಸ್ತವದಲ್ಲಿ ಬ್ರೌಸರಿನೊಳಗೆ ಎರಡು ಬೇರೆ ಬೇರೆ ಭಾಗಗಳಿವೆ. ಹೊಲದಲ್ಲಿನ ಡೀಸೆಲ್ ಎಂಜಿನ್ ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಅದೇ ಎಂಜಿನ್ನನ್ನು ಬಾವಿಯ ಪಂಪಿಗೆ ಕೂಡಿಸಿದರೆ ನೀರು ಎತ್ತುತ್ತದೆ, ಹಿಟ್ಟಿನ ಗಿರಣಿಗೆ ಕೂಡಿಸಿದರೆ ಜೋಳ ಬೀಸುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯನ್ನು ಓದಿ ನಡೆಸುವ ಭಾಗಕ್ಕೂ ಎಂಜಿನ್ ಎಂದೇ ಹೆಸರು. ಕೂಡಿಸುವುದು, ಕಳೆಯುವುದು, ಅಕ್ಷರ ಹುಡುಕುವುದು, ಬದಲಿಸುವುದು ಎಲ್ಲ ಇದರ ಕೆಲಸ. ಪುಟದ ಚೌಕ, ಗುಂಡಿ, ಬಣ್ಣ, ಕಿಟಕಿ ಇವೆಲ್ಲ ಬ್ರೌಸರ್ ಕೂಡಿಸಿಕೊಟ್ಟ ಗಿರಣಿ. ಜಾವಾಸ್ಕ್ರಿಪ್ಟಿನಲ್ಲಿ ಡಾಕ್ಯುಮೆಂಟ್, ವಿಂಡೋ, ಅಲರ್ಟ್ ಎಂಬ ಹೆಸರುಗಳು ಸೂಚಿಸುವುದು ಈ ಗಿರಣಿಯ ಭಾಗಗಳನ್ನು.

2008ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರಿನೊಂದಿಗೆ ವಿ8 ಎಂಬ ವೇಗದ ಎಂಜಿನ್ನನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಮರುವರ್ಷವೇ ರಯಾನ್ ಡಾಲ್ ಎಂಬುವರು ಆ ಎಂಜಿನ್ನನ್ನು ಬಿಚ್ಚಿಕೊಂಡು, ಕಡತ ಓದುವ, ಬರೆಯುವ ಸಲಕರಣೆ ಕೂಡಿಸಿ, ನೋಡ್ ಎಂಬ ತಂತ್ರಾಂಶ ಮಾಡಿದರು. ಈಗ ಶೆಲ್ಲಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವವರು ಹೆಚ್ಚಾಗಿ ಬಳಸುವುದು ಇದನ್ನೇ. ಲಿನಕ್ಸ್ ಗಣಕಗಳಲ್ಲಿ ಒಂದೇ ಆಜ್ಞೆಯಿಂದ ಇದನ್ನು ಹಾಕಿಕೊಳ್ಳಬಹುದು. ಗಣಕ ಇಲ್ಲದವರು ಆಂಡ್ರಾಯ್ಡ್ ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಆ್ಯಪಿನೊಳಗೂ ಹಾಕಿಕೊಳ್ಳಬಹುದು. ಒಮ್ಮೆ ಹಾಕಿದ ಮೇಲೆ ಈ ಕೆಲಸಕ್ಕೆ ಅಂತರಜಾಲ ಬೇಕಿಲ್ಲ.

ಗಂಟು ಇರುವುದು ಇಲ್ಲೇ. ಜಾಲಪುಟದ ಜಾವಾಸ್ಕ್ರಿಪ್ಟನ್ನು ಹಾಗೇ ಎತ್ತಿ ತಂದು ನೋಡ್‌ಗೆ ಕೊಟ್ಟರೆ ಡಾಕ್ಯುಮೆಂಟ್ ಎಂದರೆ ಏನೆಂದು ಗೊತ್ತಿಲ್ಲ ಎಂಬ ತಪ್ಪು ತೋರಿಸಿ ನಿಂತುಬಿಡುತ್ತದೆ. ಎಂಜಿನ್ ಬಂದಿದೆ, ಗಿರಣಿ ಬಂದಿಲ್ಲ. ಲಿಪಿ ಬದಲಿಸುವ ಲೆಕ್ಕ ಎಂಜಿನ್ನಿನ ಕೆಲಸ. ಚೌಕದಿಂದ ಓದುವುದು, ಚೌಕಕ್ಕೆ ಬರೆಯುವುದು ಗಿರಣಿಯ ಕೆಲಸ. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ತೆಗೆದು, ಅದರ ಜಾಗದಲ್ಲಿ ಶೆಲ್ಲಿನಿಂದ ಓದುವ, ಶೆಲ್ಲಿಗೆ ಬರೆಯುವ ಸಾಲು ಹಾಕಬೇಕು. ಇಡೀ ವಿದ್ಯೆ ಇಷ್ಟೇ.

896ರ ಲೆಕ್ಕ

ಕನ್ನಡ ಮತ್ತು ದೇವನಾಗರಿಯ ವಿಷಯದಲ್ಲಿ ಆ ಲೆಕ್ಕ ಆಶ್ಚರ್ಯವಾಗುವಷ್ಟು ಸರಳ. ಗಣಕದೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಯೂನಿಕೋಡಿನಲ್ಲಿ ದೇವನಾಗರಿಗೆ 2304ರಿಂದ 2431ರವರೆಗೆ, ಕನ್ನಡಕ್ಕೆ 3200ರಿಂದ 3327ರವರೆಗೆ ಮನೆಗಳನ್ನು ಕೊಡಲಾಗಿದೆ. ಎರಡೂ ಓಣಿಗಳಲ್ಲಿ 128 ಮನೆಗಳು. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲೇ ರೂಪಿಸಿದ ಇಸ್ಕಿ ಸಂಕೇತದ 1988ರ ಕ್ರಮವನ್ನು ಯೂನಿಕೋಡಿನವರು ಆಧಾರವಾಗಿ ತೆಗೆದುಕೊಂಡರು. ಹಾಗಾಗಿ ಎರಡೂ ಓಣಿಗಳಲ್ಲಿ ಅಕ್ಷರಗಳು ಬಹುತೇಕ ಒಂದೇ ಸಾಲಿನಲ್ಲಿ ಕುಳಿತಿವೆ. ದೇವನಾಗರಿಯ 'ಕ' 2325, ಕನ್ನಡದ 'ಕ' 3221. ವ್ಯತ್ಯಾಸ 896. 'ಮ' ತೆಗೆದುಕೊಂಡರೆ 2350 ಮತ್ತು 3246. ಅಲ್ಲೂ 896.

ಒತ್ತಕ್ಷರದಲ್ಲಿ ಈ ಲೆಕ್ಕ ಕೆಡುವುದಿಲ್ಲವೇ ಎಂಬ ಸಂಶಯ ಬರಬಹುದು. ಕೆಡುವುದಿಲ್ಲ. 'ಅಮ್ಮ' ಎಂಬ ಶಬ್ದ ಗಣಕದೊಳಗೆ ಅ, ಮ, ಹಲಂತ ಚಿಹ್ನೆ, ಮ ಎಂದು ನಾಲ್ಕು ಸಂಖ್ಯೆಗಳಾಗಿ ಇರುತ್ತದೆ: 3205, 3246, 3277, 3246. ಪ್ರತಿಯೊಂದರಿಂದಲೂ 896 ಕಳೆದರೆ 2309, 2350, 2381, 2350. ಇದೇ ದೇವನಾಗರಿಯ 'ಅಮ್ಮ'. ಕನ್ನಡದಲ್ಲಿ ಒತ್ತು ಕೆಳಗೆ ಬರಬೇಕು, ದೇವನಾಗರಿಯಲ್ಲಿ ಅರ್ಧಾಕ್ಷರ ಪಕ್ಕದಲ್ಲಿ ಬರಬೇಕು ಎಂಬುದನ್ನು ಫಾಂಟ್ ನೋಡಿಕೊಳ್ಳುತ್ತದೆ.

ಲಿಪಿ ಎಂಬ ಕಡತ

ಲೆಕ್ಕವನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದು ಒಂದು ಕಡತದಲ್ಲಿ ಇಡಬೇಕು. ಲಿನಕ್ಸಿನಲ್ಲಿ ಕಡತದ ಹೆಸರು ಕನ್ನಡದಲ್ಲೇ ಇರಬಹುದಾದ್ದರಿಂದ 'ಲಿಪಿ' ಎಂದೇ ಇಡಬಹುದು. ಅದರೊಳಗೆ ಮೂರು ಹಂತಗಳು. ಒಂದು, ಶೆಲ್ ಕಳಿಸುವ ಪಠ್ಯವನ್ನು ಪೂರ್ತಿ ಓದಿಕೊಳ್ಳುವುದು. ಎರಡು, ಪ್ರತಿ ಅಕ್ಷರದ ಸಂಖ್ಯೆ ನೋಡಿ, ಅದು 3200 ಮತ್ತು 3327ರ ನಡುವೆ ಇದ್ದರೆ 896 ಕಳೆಯುವುದು, ಇಲ್ಲದಿದ್ದರೆ ಹಾಗೇ ಬಿಡುವುದು. ಮೂರು, ಬಂದ ಪಠ್ಯವನ್ನು ಹೊರಗೆ ಬರೆಯುವುದು. ಅಲ್ಪವಿರಾಮ, ಖಾಲಿ ಜಾಗ, ಇಂಗ್ಲಿಷ್ ಅಂಕಿಗಳು ಕನ್ನಡದ ಓಣಿಯ ಹೊರಗಿರುವುದರಿಂದ ಅವು ತಾವಿದ್ದಂತೆಯೇ ಉಳಿಯುತ್ತವೆ.

ಇನ್ನು ಓಡಿಸುವುದು. ಕೆಳಗಿನ ಸಾಲಿನಲ್ಲಿ 'ನೋಡ್' ಎಂಬುದನ್ನು ಮಾತ್ರ ಕೀಲಿಮಣೆಯಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಒತ್ತಬೇಕು, ಅದು ನಾಲ್ಕು ಅಕ್ಷರ. ಉಳಿದವು ಕಡತದ ಹೆಸರುಗಳು.

ನೋಡ್ ಲಿಪಿ < ಹಾಡು > ಹಾಡು-ದೇವನಾಗರಿ

ಬಲಕ್ಕೆ ಬಾಯಿ ತೆರೆದ ಗುರುತು 'ಹಾಡು' ಎಂಬ ಕಡತವನ್ನು ಒಳಗೆ ಹರಿಸುತ್ತದೆ, ಎರಡನೆಯ ಗುರುತು ಫಲವನ್ನು ಹೊಸ ಕಡತಕ್ಕೆ ಹರಿಸುತ್ತದೆ. ಬ್ರೌಸರ್ ಇಲ್ಲ, ಚೌಕವಿಲ್ಲ, ಗುಂಡಿ ಇಲ್ಲ.

ಶೆಲ್ಲಿನ ನಿಜವಾದ ಬಲ ಇದರ ಮುಂದಿನ ಹೆಜ್ಜೆಯಲ್ಲಿದೆ. ಒಂದು ಆಜ್ಞೆಯ ಹೊರಹರಿವನ್ನು ಇನ್ನೊಂದರ ಒಳಹರಿವಿಗೆ ಕೊಳವೆಯಂತೆ ಜೋಡಿಸುವ ಪದ್ಧತಿ ಯೂನಿಕ್ಸಿಗೆ ಬಂದದ್ದು 1973ರಲ್ಲಿ, ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್‌ರಾಯ್ ಅವರ ಒತ್ತಾಯದಿಂದ. ನಿಂತ ಗೆರೆಯೊಂದು ಈ ಕೊಳವೆಯ ಗುರುತು. 200 ಹಾಡುಗಳ ಕಡತಗಳು 'ವಹಿ' ಎಂಬ ಕಪಾಟಿನಲ್ಲಿ 001, 002 ಎಂದು ಕ್ರಮವಾಗಿ ಇದ್ದರೆ ಇಷ್ಟು ಸಾಕು:

ಕ್ಯಾಟ್ ವಹಿ/* | ನೋಡ್ ಲಿಪಿ > ಪುಸ್ತಕ

ಕ್ಯಾಟ್ ಎಂಬುದು ಕಡತಗಳನ್ನು ಒಂದರ ಹಿಂದೆ ಒಂದರಂತೆ ಸುರಿಯುವ ಹಳೆಯ ಯೂನಿಕ್ಸ್ ಆಜ್ಞೆ, ಅದನ್ನೂ ಇಂಗ್ಲಿಷಿನಲ್ಲೇ ಒತ್ತಬೇಕು. ನಕ್ಷತ್ರದ ಗುರುತು 'ಒಳಗಿರುವ ಎಲ್ಲವೂ' ಎಂದು ಹೇಳುತ್ತದೆ. ಎರಡು ದಿನದ ಕೆಲಸ ಒಂದು ಕ್ಷಣದಲ್ಲಿ ಮುಗಿದು, 200 ಹಾಡುಗಳ ದೇವನಾಗರಿ ಪುಸ್ತಕ ಸಿದ್ಧವಾಗುತ್ತದೆ. ಪ್ರತಿ ಹಾಡಿನ ಕೊನೆಗೆ ಒಂದು ಖಾಲಿ ಸಾಲು ಬಿಟ್ಟಿರಬೇಕು. ಇಲ್ಲವಾದರೆ ಒಂದರ ಕೊನೆಯ ಸಾಲಿಗೆ ಇನ್ನೊಂದರ ಪಲ್ಲವಿ ಅಂಟಿಕೊಳ್ಳುತ್ತದೆ.

ಎರಡು ಅಪಾಯ

ಮೊದಲನೆಯದು ದೊಡ್ಡದು. ಒಳಗೆ ಹೋಗುವ ಕಡತಕ್ಕೂ ಹೊರಗೆ ಬರುವ ಕಡತಕ್ಕೂ ಒಂದೇ ಹೆಸರು ಕೊಡಲೇಬಾರದು. ಶೆಲ್ ಮೊದಲು ಹೊರಗಿನ ಕಡತವನ್ನು ಖಾಲಿ ಮಾಡಿ ನಂತರ ಕೆಲಸ ಶುರು ಮಾಡುತ್ತದೆ. ಹೆಸರು ಒಂದೇ ಆದರೆ ಓದುವ ಮೊದಲೇ ಹಾಡು ಅಳಿಸಿಹೋಗಿರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಮೂಲ ವಹಿಯ ಒಂದು ನಕಲನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟೇ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.

ಎರಡನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಜಾಗ ಬೇಕು. ಕೊಳವೆಯಲ್ಲಿ ದೊಡ್ಡ ಪಠ್ಯ ಒಮ್ಮೆಲೇ ಬರದೆ ತುಂಡು ತುಂಡಾಗಿ ಬರುತ್ತದೆ, ಸಾಮಾನ್ಯವಾಗಿ ಒಂದು ತುಂಡು ಹೆಚ್ಚೆಂದರೆ 65,536 ಬೈಟ್. ಈ ಸಂಖ್ಯೆ ಮೂರರಿಂದ ಸಮನಾಗಿ ಭಾಗವಾಗುವುದಿಲ್ಲ. ಹಾಗಾಗಿ ತುಂಡಿನ ಅಂಚಿನಲ್ಲಿ ಒಂದು ಅಕ್ಷರ ನಡುವೆಯೇ ಕತ್ತರಿಸಿ ಹೋಗಬಹುದು. ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಅಕ್ಷರಕ್ಕೆ ತಿರುಗಿಸಿದರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕರಿ ವಜ್ರಾಕೃತಿ ಮೂಡುತ್ತದೆ. ಹತ್ತು ಹಾಡಿನಲ್ಲಿ ಪರೀಕ್ಷಿಸಿದಾಗ ಕಾಣದ ದೋಷ ಇನ್ನೂರು ಹಾಡಿನಲ್ಲಿ ಕಾಣುವುದು ಇದರಿಂದ. ಪರಿಹಾರ ಸುಲಭ: ಪಠ್ಯವನ್ನೆಲ್ಲ ಒಟ್ಟಿಗೆ ಓದಿಕೊಂಡು, ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ, ಆಮೇಲೆ ಲೆಕ್ಕ ಮಾಡಬೇಕು.

ಪುಟದಿಂದ ಬಿಡಿಸಲಾಗದಿದ್ದರೆ

ಕೆಲವು ಪುಟಗಳಲ್ಲಿ ಲೆಕ್ಕವೂ ಚೌಕವೂ ಹೆಣೆದುಕೊಂಡಿರುತ್ತವೆ, ಬಿಡಿಸುವುದು ಕಷ್ಟ. ಆಗ ಗಿರಣಿಯನ್ನೂ ಸೇರಿಸಿಯೇ ಶೆಲ್ಲಿನಿಂದ ಓಡಿಸಬೇಕು. ಪರದೆಯ ಮೇಲೆ ಕಿಟಕಿ ತೆರೆಯದೆ ಒಳಗೊಳಗೇ ಕೆಲಸ ಮಾಡುವ ಬ್ರೌಸರಿಗೆ ಹೆಡ್‌ಲೆಸ್ ಎನ್ನುತ್ತಾರೆ, ಅಂದರೆ ತಲೆ ಇಲ್ಲದ್ದು. 2011ರಲ್ಲಿ ಬಂದ ಫ್ಯಾಂಟಮ್ ಜೆಎಸ್ ಈ ದಾರಿಯಲ್ಲಿ ಹೆಸರು ಮಾಡಿತು. 2017ರಲ್ಲಿ ಕ್ರೋಮ್ ತನ್ನ 59ನೆಯ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ತಾನೇ ಕೊಟ್ಟಿತು. ಅದೇ ವರ್ಷ ಫೈರ್‌ಫಾಕ್ಸ್ ಕೂಡ ಕೊಟ್ಟಿತು. 2018ರಲ್ಲಿ ಫ್ಯಾಂಟಮ್ ಜೆಎಸ್‌ನ ಅಭಿವೃದ್ಧಿ ನಿಂತಿತು.

ಕ್ರೋಮಿಯಂ ಆಜ್ಞೆಯ ಜೊತೆ ಹೆಡ್‌ಲೆಸ್ ಮತ್ತು ಡಂಪ್-ಡಾಮ್ ಎಂಬ ಎರಡು ಸೂಚನೆಗಳನ್ನು ಕೊಟ್ಟು ಪುಟದ ವಿಳಾಸ ಕೊಟ್ಟರೆ, ಬ್ರೌಸರ್ ಪುಟವನ್ನು ತೆರೆದು, ಅದರ ಜಾವಾಸ್ಕ್ರಿಪ್ಟ್ ಓಡಿಸಿ, ಕೊನೆಗೆ ಪುಟ ಹೇಗಾಯಿತೋ ಆ ರೂಪವನ್ನು ಶೆಲ್ಲಿಗೆ ಸುರಿಯುತ್ತದೆ. ಚೌಕ ತುಂಬಿ ಗುಂಡಿ ಒತ್ತುವ ಕೆಲಸವೂ ಬೇಕಿದ್ದರೆ, 2017ರಲ್ಲೇ ಕ್ರೋಮ್ ತಂಡದವರು ಬಿಟ್ಟ ಪಪೆಟೀರ್ ಎಂಬ ಸಲಕರಣೆ ಇದೆ. ಇದು ಬೇರೆಯವರ ಜಾಲತಾಣಕ್ಕೆ ಸಾವಿರ ಸಲ ಬಾಗಿಲು ಬಡಿಯುವ ಸಾಧನವಾಗಬಾರದು. ಪುಟವನ್ನು ತಮ್ಮ ಗಣಕಕ್ಕೆ ಇಳಿಸಿಕೊಂಡು ಅಲ್ಲೇ ಓಡಿಸುವುದು ಸರಿಯಾದ ಕ್ರಮ.

ತಲೆ ಇಲ್ಲದ ಬ್ರೌಸರಿನಿಂದ ಇನ್ನೊಂದು ಉಪಯೋಗವಿದೆ. ಪ್ರಿಂಟ್-ಟು-ಪಿಡಿಎಫ್ ಎಂಬ ಸೂಚನೆ ಕೊಟ್ಟರೆ ಜಾಲಪುಟದ ರೂಪದಲ್ಲಿರುವ ಪುಸ್ತಕ ಪಿಡಿಎಫ್ ಆಗುತ್ತದೆ. ಅರ್ಧಾಕ್ಷರ, ಒತ್ತಕ್ಷರ ಎಲ್ಲ ಸರಿಯಾಗಿ ಕೂಡಿಕೊಂಡು ಬರುವುದರಿಂದ ಝೆರಾಕ್ಸ್ ಅಂಗಡಿಗೆ ನೇರವಾಗಿ ಕೊಡಬಹುದು.

ಲೆಕ್ಕ ತಪ್ಪುವ ಜಾಗಗಳು

896ರ ಲೆಕ್ಕ ಬಹುತೇಕ ಸರಿ, ಪೂರ್ತಿ ಸರಿಯಲ್ಲ. ಕನ್ನಡಕ್ಕೆ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ಮರಾಠಿ ಬರಹಕ್ಕೆ ಉದ್ದದ್ದು ಮಾತ್ರ ಸಾಕು. ಯೂನಿಕೋಡಿನ ದೇವನಾಗರಿ ಓಣಿಯಲ್ಲಿ ಗಿಡ್ಡ 'ಎ', ಗಿಡ್ಡ 'ಒ'ಗಳಿಗೂ ಮನೆ ಇದೆ. ದಕ್ಷಿಣದ ಭಾಷೆಗಳನ್ನು ಬರೆಯಲೆಂದೇ ಇಟ್ಟದ್ದು ಅದು. ಆದರೆ ಮರಾಠಿ ಶಾಲೆಯ ಮಗು ಆ ಅಕ್ಷರಗಳನ್ನು ನೋಡಿಯೇ ಇರುವುದಿಲ್ಲ. ಓದಲು ಸುಲಭವಾಗಲಿ ಎಂದರೆ 3214ನ್ನು 2319ಕ್ಕೆ, 3218ನ್ನು 2323ಕ್ಕೆ, ಗುಣಿತದ ಚಿಹ್ನೆಗಳಾದ 3270ನ್ನು 2375ಕ್ಕೆ, 3274ನ್ನು 2379ಕ್ಕೆ ಕಳಿಸುವ ಅಪವಾದದ ಪಟ್ಟಿಯನ್ನು ಲಿಪಿ ಕಡತದಲ್ಲಿ ಸೇರಿಸಬೇಕು. ಆಗ 'ಕೊಡು' ಮತ್ತು 'ಕೋಡು' ಎರಡೂ ಒಂದೇ ಆಗುತ್ತವೆ. ಕೇಳಿದ್ದು ಕೊಡಲು, ಸಿಕ್ಕಿದ್ದು ಎತ್ತಿನ ಕೋಡು ಎಂಬಂತಾಗಬಾರದಿದ್ದರೆ ಓದುವವರು ಸಂದರ್ಭ ನೋಡಿ ತಿಳಿಯಬೇಕು.

ಹಳೆಯ ಹಾಡು, ಶಾಸನಗಳ ಪಠ್ಯವಿದ್ದರೆ ಇನ್ನೊಂದು ತಮಾಷೆ. ಹಳಗನ್ನಡದ 'ೞ' ಅಕ್ಷರಕ್ಕೆ ಯೂನಿಕೋಡಿನಲ್ಲಿ ತಪ್ಪಾಗಿ 'ಫ' ಸದ್ದಿನ ಹೆಸರಿಟ್ಟು, ಅದೇ ಸಾಲಿನಲ್ಲಿ ಕೂಡಿಸಿದ್ದಾರೆ. 896 ಕಳೆದರೆ ಅದು ಚುಕ್ಕಿ ಇರುವ 'ಫ' ಆಗಿಬಿಡುತ್ತದೆ. ಅದನ್ನೂ ಪಟ್ಟಿಯಲ್ಲಿ ಹಾಕಿ 2355ಕ್ಕೆ, ಅಂದರೆ ಮರಾಠಿಗೂ ಪರಿಚಿತವಾದ 'ಳ'ಕ್ಕೆ ಕಳಿಸಬಹುದು.

ಪಟ್ಟಿಯಿಂದ ಸರಿಯಾಗದ್ದೂ ಒಂದಿದೆ. ಮರಾಠಿಯಲ್ಲಿ ಶಬ್ದದ ಕೊನೆಯ 'ಅ'ಕಾರ ಉಚ್ಚಾರದಲ್ಲಿ ಬಿದ್ದುಹೋಗುತ್ತದೆ, ಕನ್ನಡದಲ್ಲಿ ಉಳಿಯುತ್ತದೆ. ಕನ್ನಡದ 'ಮರ' ದೇವನಾಗರಿಗೆ ಅಕ್ಷರ ತಪ್ಪದೆ ಹೋಗುತ್ತದೆ. ಆದರೆ ಮರಾಠಿ ಅಭ್ಯಾಸದಿಂದ ಓದಿದರೆ ಅದು 'ಮರ್'. ಗಿಡಮರದ ಹಾಡು ಯಾರನ್ನೋ ಸಾಯಿ ಎಂದು ಬೈದಂತಾಗುತ್ತದೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗು ಈ ತಪ್ಪು ಮಾಡುವುದಿಲ್ಲ, ಕಿವಿಯೇ ತಿದ್ದುತ್ತದೆ. ಕನ್ನಡ ಕೇಳದ ಮಗುವಿಗೆ ಯಾವ ತಂತ್ರಾಂಶವೂ ಇದನ್ನು ತಿದ್ದಿಕೊಡಲಾರದು.

ಮರಾಠಿಯಿಂದ ಕನ್ನಡಕ್ಕೆ

ಕಳೆಯುವ ಬದಲು ಕೂಡಿಸಿದರೆ ದಾರಿ ತಿರುಗುತ್ತದೆ. ಅಭಂಗಗಳನ್ನು ಕನ್ನಡ ಅಕ್ಷರದಲ್ಲಿ ಓದಬಯಸುವವರಿಗೆ ಇದು ಉಪಯೋಗ. ಇಲ್ಲಿಯೂ ಕೆಲವು ಎಡವುವ ಕಲ್ಲುಗಳಿವೆ. 'ಆಫೀಸ್', 'ಡಾಕ್ಟರ್' ಮುಂತಾದ ಶಬ್ದಗಳಲ್ಲಿ ಮರಾಠಿ ಬಳಸುವ ಅರ್ಧಚಂದ್ರದ ಸ್ವರಗಳಿಗೆ ಕನ್ನಡದ ಓಣಿಯಲ್ಲಿ ಮನೆಯೇ ಇಲ್ಲ, ಖಾಲಿ ಚೌಕ ಕಾಣುತ್ತದೆ. 'ಆ್ಯಪ್' ಎಂಬಲ್ಲಿ ಮರಾಠಿಯವರು ಬರೆಯುವ 2418ನೆಯ ಅಕ್ಷರಕ್ಕೆ 896 ಕೂಡಿಸಿದರೆ 3314 ಬರುತ್ತದೆ. ಅದು ಕನ್ನಡದ ಉಪಧ್ಮಾನೀಯ, ಹಳೆಯ ವ್ಯಾಕರಣ ಪುಸ್ತಕದ ಹೊರಗೆ ಯಾರೂ ಕಾಣದ ಅಕ್ಷರ. 'ಶೇತಕರಿ' ಶಬ್ದದ ಬಹುವಚನದಲ್ಲಿ ಬರುವ ರೆಪ್ಪೆಯಂಥ 'ರ'ಕಾರ ಕನ್ನಡಕ್ಕೆ ಬಂದಾಗ 'ಶೇತಕಱ್ಯಾಂಚಾ' ಎಂದು ಹಳಗನ್ನಡದ 'ಱ' ಆಗಿ ಕೂರುತ್ತದೆ. ದೇವನಾಗರಿಯ ಪೂರ್ಣವಿರಾಮದ ದಂಡವನ್ನು ಮಾತ್ರ ಮುಟ್ಟಬಾರದು. ಯೂನಿಕೋಡಿನಲ್ಲಿ ಕನ್ನಡಕ್ಕೂ ಅದೇ ದಂಡ.

ಇದನ್ನೆಲ್ಲ ತಾವೇ ಬರೆಯಲು ಬಯಸದವರಿಗೆ ಸಿದ್ಧ ಸಲಕರಣೆಯೂ ಇದೆ. ಸಂಸ್ಕೃತ ಕಲಿಕೆಯ ಜಾಲತಾಣವೊಂದಕ್ಕಾಗಿ ಅರುಣ್ ಪ್ರಸಾದ್ ಎಂಬುವರು ಬರೆದ ಸ್ಯಾನ್‌ಸ್ಕ್ರಿಪ್ಟ್ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹ ಕನ್ನಡ, ದೇವನಾಗರಿ ಸೇರಿ ಹಲವು ಲಿಪಿಗಳನ್ನು ಬಲ್ಲದು. ಅದರಲ್ಲಿ ಎಂಜಿನ್ನಿನ ಕೆಲಸ ಮಾತ್ರ ಇದೆ, ಗಿರಣಿ ಇಲ್ಲ. ಹಾಗಾಗಿ ಅದೇ ಸಂಗ್ರಹ ಬ್ರೌಸರಿನಲ್ಲೂ ಓಡುತ್ತದೆ, ನೋಡ್ ಮೂಲಕ ಶೆಲ್ಲಿನಲ್ಲೂ ಓಡುತ್ತದೆ.

ನುಡಿ, ಬರಹ ತಂತ್ರಾಂಶಗಳಲ್ಲಿ ಹಳೆಯ ಪದ್ಧತಿಯ ಫಾಂಟ್ ಬಳಸಿ ಟೈಪಿಸಿದ ಕಡತಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಮೊದಲು ಯೂನಿಕೋಡಿಗೆ ತಂದು, ನಂತರ ಲಿಪಿ ಬದಲಿಸಬೇಕು.

ಮೂಲ ವಹಿ ಉಳಿಯಲಿ

ಪುಸ್ತಕ ಸಿದ್ಧವಾದ ಮೇಲೆ ಮಗುವಿನ ಕೈಗೆ ಕೊಟ್ಟು, ಹಾಡು ಬಲ್ಲ ಅಜ್ಜಿಯ ಎದುರು ಓದಿಸುವುದೇ ಸರಿಯಾದ ಪರೀಕ್ಷೆ. ಅಜ್ಜಿ ತಡೆದ ಜಾಗಗಳನ್ನು ಗುರುತು ಹಾಕಿಕೊಂಡು, ಅಪವಾದದ ಪಟ್ಟಿಗೆ ಸೇರಿಸಿ, ಮತ್ತೆ ಅದೇ ಒಂದು ಸಾಲಿನ ಆಜ್ಞೆ ಕೊಟ್ಟರೆ 200 ಹಾಡುಗಳೂ ಒಟ್ಟಿಗೆ ತಿದ್ದಿಕೊಳ್ಳುತ್ತವೆ. ಪುಟದ ಚೌಕದಲ್ಲಿ ಅಂಟಿಸಿದ್ದರೆ ಮತ್ತೆ ಎರಡು ದಿನ ಬೇಕಾಗುತ್ತಿತ್ತು.

ದೇವನಾಗರಿ ಪುಸ್ತಕ ಬಂದಿತೆಂದು ಕನ್ನಡದ ಕಡತಗಳನ್ನು ಅಳಿಸಬಾರದು. ಗಿಡ್ಡ, ಉದ್ದ ಸ್ವರಗಳನ್ನು ಒಂದು ಮಾಡಿದ ಮೇಲೆ ಯಾವುದು 'ಕೊಡು' ಆಗಿತ್ತು, ಯಾವುದು 'ಕೋಡು' ಆಗಿತ್ತು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಕೂಡಿಸಿ ಕಳೆದು ಮೂಲಕ್ಕೆ ಮರಳುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಇಂದಿನ ಮಗು ದೇವನಾಗರಿಯಲ್ಲಿ ಓದಲಿ. ನಾಳೆ ಅದೇ ಮಗು ಕನ್ನಡ ಅಕ್ಷರ ಕಲಿಯಬೇಕೆಂದರೆ, ಎದುರಿಗೆ ಇಡಲು ಮೂಲ ವಹಿ ಇರಲೇಬೇಕು.